ಸ್ವಿಚ್ ಆಫ್ ಮಾಡಿದರೂ ಮಿಣುಕುವ ಎಲ್‌ಇಡಿ ಬಲ್ಬ್. ಮನೆಗೆ ಯಾವ ಬಲ್ಬ್ ವಾಸಿ?

ಕುವೆಂಪುನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನದು ಎರಡು ಪ್ರಶ್ನೆ. ಒಂದು ದುಡ್ಡಿನದು, ಇನ್ನೊಂದು ದೆವ್ವದ್ದು.

ನಮ್ಮದು ಮಾವನವರು ಕಟ್ಟಿಸಿದ ಮನೆ, 35 ವರ್ಷ ಆಯಿತು. ಹೋದ ತಿಂಗಳವರೆಗೂ ಹಾಲ್‌ನಲ್ಲಿ ಚೋಕ್ ಇರುವ ಟ್ಯೂಬ್‌ಲೈಟ್, ಅಡುಗೆಮನೆಗೂ ರೂಮಿಗೂ ಸಿಎಫ್‌ಎಲ್, ನಡುಮನೆ, ಬಚ್ಚಲು, ಹಿತ್ತಲಿಗೆ 60 ವಾಟ್‌ನ ಬುರುಡೆ ಬಲ್ಬ್. ದೇವರಮನೆಯಲ್ಲಿ ಕೆಂಪು ಜೀರೋ ಬಲ್ಬ್, ಅದು ಹಗಲೂ ರಾತ್ರಿ ಉರಿಯುತ್ತದೆ. ಶಿವರಾಂಪೇಟೆಗೆ ಹೋದಾಗ 9 ವಾಟ್‌ನ ಮೂರು ಎಲ್‌ಇಡಿ ತಂದು ಬುರುಡೆ ಬಲ್ಬ್ ಇದ್ದ ಕಡೆ ಹಾಕಿದೆ. ಬೆಳಕು ಚೆನ್ನಾಗಿದೆ.

ಈಗ ದೆವ್ವದ ವಿಷಯ. ನಡುಮನೆಯ ಬಲ್ಬ್ ಸ್ವಿಚ್ ಆಫ್ ಮಾಡಿದ ಮೇಲೂ ಪೂರ್ತಿ ಆರುವುದಿಲ್ಲ. ಮಿಂಚುಹುಳದ ಹಾಗೆ ಸಣ್ಣಗೆ ಉರಿಯುತ್ತಲೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದ ಅತ್ತೆ ಅದನ್ನು ನೋಡಿದ್ದಾರೆ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ! ನಮ್ಮ ಯಜಮಾನರು "ಡೂಪ್ಲಿಕೇಟ್ ಬಲ್ಬ್ ತಂದಿದ್ದೀಯ" ಅಂದರು. ವಾಪಸ್ ಕೊಟ್ಟು ಬೇರೆ ಕಂಪನಿಯದು ತಂದೆ. ಅದೂ ಹಾಗೇ ಮಿಣುಕುತ್ತಿದೆ.

ಎರಡನೆಯದು, ಉಳಿದ ಸಿಎಫ್‌ಎಲ್, ಟ್ಯೂಬ್‌ಲೈಟ್ ಎಲ್ಲ ಕಿತ್ತು ಎಲ್‌ಇಡಿ ಹಾಕಿಸಿದರೆ ನಿಜವಾಗಿ ಉಳಿತಾಯ ಆಗುತ್ತದಾ? ಪಕ್ಕದ ಮನೆಯವರು "ಕರೆಂಟೇ ಫ್ರೀ, ಬಲ್ಬಿಗೆ ಯಾಕೆ ದುಡ್ಡು ಸುರೀತೀರಿ" ಅನ್ನುತ್ತಾರೆ.

ಸುಮ್ನೆ ಬಂದೆ

ನಿಂಬೆಹಣ್ಣು ಬಲ್ಬಿಗೇ ಕಟ್ಟಬೇಕಿತ್ತು.

ಬೋಗಾದಿ ಬಸ್ಸು

ಪಕ್ಕದ ಮನೆಯವರು ಹೇಳಿದ್ದು ಸರಿ ಇದೆ ಮೇಡಂ. ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಇರುವಾಗ ಇದೆಲ್ಲ ತಲೆನೋವು ಯಾಕೆ? ಇರೋದನ್ನೇ ಉರಿಸಿ, ಕೆಟ್ಟಾಗ ಬದಲಾಯಿಸಿ.

ಬಾಡಿಗೆ ಮನೆ

@ಬೋಗಾದಿ ಬಸ್ಸು, ಎಲ್ಲರಿಗೂ 200 ಇಲ್ಲ ಗುರು. ಈ ತಪ್ಪು ತುಂಬಾ ಜನ ಮಾಡ್ತಾರೆ. 2022-23ರಲ್ಲಿ ನಿಮ್ಮ ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಶೇಕಡಾ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿ, ಅಷ್ಟು ಮಾತ್ರ ಫ್ರೀ. 200 ಅನ್ನೋದು ಮೇಲಿನ ಮಿತಿ. ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನನ್ನ ಹಾಗೆ ಹಳೇ ಲೆಕ್ಕ ಇಲ್ಲದ ಬಾಡಿಗೆದಾರನಿಗೆ ರಾಜ್ಯದ ಸರಾಸರಿ 53, ಅದಕ್ಕೆ 10 ಪರ್ಸೆಂಟ್ ಸೇರಿ 58 ಯೂನಿಟ್. ಹೋದ ತಿಂಗಳು ನನ್ನದು 71 ಬಂತು. 13 ಯೂನಿಟ್‌ಗೆ ದುಡ್ಡು ಕಟ್ಟಿದೆ. ದುಡ್ಡು ದೊಡ್ಡದಲ್ಲ, ಆದರೆ ಹೊಟ್ಟೆ ಉರಿಯುತ್ತೆ.

ವೈರ್‌ಮನ್ ಪಾಂಡವಪುರ

ಅಕ್ಕ, ದೆವ್ವ ಬಲ್ಬಿನಲ್ಲಿಲ್ಲ, ವೈರಿಂಗ್‌ನಲ್ಲಿದೆ. ದಯವಿಟ್ಟು ಇದನ್ನು ತಮಾಷೆ ಅಂತ ಬಿಡಬೇಡಿ.

ಸ್ವಿಚ್ ಫೇಸ್ ವೈರಿನ (ಕರೆಂಟ್ ತರುವ ವೈರು) ಮೇಲೆ ಇರಬೇಕು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಅವಸರಕ್ಕೋ, ಯಾರೋ ನಡುವೆ ರಿಪೇರಿ ಮಾಡುವಾಗ ತಪ್ಪಿಯೋ ಸ್ವಿಚ್ ನ್ಯೂಟ್ರಲ್ ವೈರಿಗೆ (ಕರೆಂಟ್ ವಾಪಸ್ ಹೋಗುವ ವೈರು) ಬಂದಿರುತ್ತದೆ. ಆಗ ಆಫ್ ಮಾಡಿದರೂ ಫೇಸ್ ಬಲ್ಬಿನ ತನಕ ಬಂದು ನಿಂತಿರುತ್ತದೆ. ಚೂರೇ ಚೂರು ಕರೆಂಟ್ ಸೋರುತ್ತದೆ. ಬುರುಡೆ ಬಲ್ಬಿನ ತಂತಿ ಕಾಯಲು ಅಷ್ಟು ಸಾಲದು, ಅದಕ್ಕೇ 35 ವರ್ಷ ಯಾರಿಗೂ ಗೊತ್ತಾಗಲಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು, ಮಿಣಮಿಣ ಅನ್ನುತ್ತದೆ.

ಮಿಣುಕಿದರೆ ಮಿಣುಕಲಿ, ಅದಲ್ಲ ವಿಷಯ. ಸ್ವಿಚ್ ಆಫ್ ಇದೆ ಅಂತ ಧೈರ್ಯವಾಗಿ ಬಲ್ಬ್ ಬಿಚ್ಚುತ್ತೀರಿ, ಧೂಳು ಒರೆಸಲು ಒದ್ದೆ ಬಟ್ಟೆ ಹಿಡಿದು ಹೋಲ್ಡರ್‌ಗೆ ಕೈ ಹಾಕುತ್ತೀರಿ. ಅಲ್ಲಿ 230 ವೋಲ್ಟ್ ಕಾಯುತ್ತಿರುತ್ತದೆ. ನನಗೇ ಒಮ್ಮೆ ಹೊಡೆದಿದೆ, ಏಣಿ ಮೇಲಿಂದ ಕೆಳಗೆ ಬಂದಿದ್ದೆ. ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಕರೆಸಿ ಎಲ್ಲ ಪಾಯಿಂಟ್ ನೋಡಿಸಿ. ಅಲ್ಲಿಯ ತನಕ ಮೇನ್ ಆಫ್ ಮಾಡದೆ ಬಲ್ಬ್ ಬಿಚ್ಚಬೇಡಿ.

ಸರ್ಕ್ಯೂಟ್ ಸಂಕಪ್ಪ

ಮೇಲಿನವರು ಹೇಳಿದ್ದು ಒಂದು ಕಾರಣ, ಅದೊಂದೇ ಅಲ್ಲ. ಕೆಲವು ಸ್ವಿಚ್‌ಗಳ ಒಳಗೇ ಸಣ್ಣ ದೀಪ ಇರುತ್ತದೆ, ಕತ್ತಲಲ್ಲಿ ಸ್ವಿಚ್ ಕಾಣಲಿ ಅಂತ. ಆ ದೀಪಕ್ಕೆ ಬೇಕಾದ ಕರೆಂಟ್ ನಿಮ್ಮ ಬಲ್ಬಿನ ಮೂಲಕವೇ ಹಾದು ಹೋಗುತ್ತದೆ, ಅದರಿಂದಲೂ ಎಲ್‌ಇಡಿ ಮಿಣುಕುತ್ತದೆ. ಮೆಟ್ಟಿಲಿನ ಟೂ ವೇ ಸ್ವಿಚ್ ಆದರೆ ಉದ್ದದ ವೈರುಗಳು ಒಂದರ ಪಕ್ಕ ಒಂದು ಓಡಿ ಸ್ವಲ್ಪ ವೋಲ್ಟೇಜ್ ಹಾರುತ್ತದೆ. ಇನ್ನು ಕೆಲವು ಬಲ್ಬ್ ಆಫ್ ಮಾಡಿದ ಮೇಲೆ ಕೆಲವು ಸೆಕೆಂಡ್ ಉರಿದು ಆರುತ್ತವೆ, ಅದು ಒಳಗಿನ ಕೆಪಾಸಿಟರ್ ಖಾಲಿಯಾಗುವುದು. ಅದಕ್ಕೆ ಹೆದರಬೇಕಿಲ್ಲ.

ಬೋಗಾದಿ ಬಸ್ಸು

ಬೋರ್ಡ್‌ನಲ್ಲಿ ಕೆಂಪು ಇಂಡಿಕೇಟರ್ ಎಲ್ಲರ ಮನೆಯಲ್ಲೂ ಇರುತ್ತಲ್ಲ? ಹಾಗಾದರೆ ಎಲ್ಲರ ಮನೆ ಬಲ್ಬೂ ಮಿಣುಕಬೇಕಿತ್ತು.

ಸರ್ಕ್ಯೂಟ್ ಸಂಕಪ್ಪ

ಅದು ಬೇರೆ, ಇದು ಬೇರೆ. ಬೋರ್ಡ್‌ನಲ್ಲಿ ಪ್ರತ್ಯೇಕವಾಗಿ ಇರುವ ಇಂಡಿಕೇಟರ್‌ನಿಂದ ತೊಂದರೆ ಇಲ್ಲ. ಸ್ವಿಚ್ಚಿನ ಹೊಟ್ಟೆಯೊಳಗೆ ಇರುವುದು ಮಾತ್ರ ಹೀಗೆ ಮಾಡುತ್ತದೆ.

ಕುವೆಂಪುನಗರದ ಸೊಸೆ

ನಮ್ಮದು ಹಳೇ ಕಪ್ಪು ಸ್ವಿಚ್, ಒಳಗೆ ದೀಪ ಗೀಪ ಏನೂ ಇಲ್ಲ. ವೈರ್‌ಮನ್ ಅಣ್ಣ ಹೇಳಿದ್ದೇ ಇರಬೇಕು. ಓದಿ ಕೈಕಾಲು ತಣ್ಣಗಾಯಿತು. ಹೋದ ದೀಪಾವಳಿಗೆ ನಾನೇ ಸ್ಟೂಲ್ ಹತ್ತಿ ಆ ಹೋಲ್ಡರ್ ಒರೆಸಿದ್ದೆ, ಒದ್ದೆ ಬಟ್ಟೆಯಲ್ಲೇ! ಮನೆಯಲ್ಲಿ ಟೆಸ್ಟರ್ ಇದೆ, ನಾವೇ ನೋಡಬಹುದಾ?

ವೈರ್‌ಮನ್ ಪಾಂಡವಪುರ

ಬೇಡ ಅಕ್ಕ. ಟೆಸ್ಟರ್ ಕೂಡ ಸುಳ್ಳು ಹೇಳುತ್ತದೆ. ಪಕ್ಕದ ವೈರಿನಿಂದ ಹಾರಿದ ವೋಲ್ಟೇಜ್‌ಗೂ ಮಂದವಾಗಿ ಉರಿಯುತ್ತದೆ. ನಾವು ಟೆಸ್ಟ್ ಲ್ಯಾಂಪ್ ಹಾಕಿ ನೋಡುತ್ತೇವೆ. ಒಂದು ಗಂಟೆ ಕೆಲಸ, ಕರೆಸಿ.

ಲೆಕ್ಕದ ಮೇಷ್ಟ್ರು, ಮಂಡ್ಯ

ದೆವ್ವ ಬಿಡಿಸಿದ್ದಾಯಿತು, ಈಗ ದುಡ್ಡಿಗೆ ಬರೋಣ. ಸಾವಿರ ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಇಷ್ಟು ಗೊತ್ತಿದ್ದರೆ ಸಾಕು.

ದಿನಕ್ಕೆ 5 ಗಂಟೆ, 30 ದಿನ ಉರಿಸಿದಿರಿ ಅನ್ನಿ. 60 ವಾಟ್ ಬುರುಡೆ ಬಲ್ಬ್ 9 ಯೂನಿಟ್ ತಿನ್ನುತ್ತದೆ. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 15 ವಾಟ್ ಸಿಎಫ್‌ಎಲ್‌ಗೆ 2.25 ಯೂನಿಟ್. 9 ವಾಟ್ ಎಲ್‌ಇಡಿಗೆ 1.35 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೆ 54, ಸುಮಾರು 13 ಮತ್ತು 8 ರೂಪಾಯಿ.

ಬುರುಡೆಯಿಂದ ಎಲ್‌ಇಡಿಗೆ ಬಂದರೆ ತಿಂಗಳಿಗೆ 46 ರೂಪಾಯಿ ಉಳಿಯಿತು, ನೂರು ರೂಪಾಯಿಯ ಬಲ್ಬಿನ ಬೆಲೆ ಎರಡೂವರೆ ತಿಂಗಳೊಳಗೆ ವಾಪಸ್. ಸಿಎಫ್‌ಎಲ್‌ನಿಂದ ಎಲ್‌ಇಡಿಗೆ ಬಂದರೆ ಉಳಿಯುವುದು 5 ರೂಪಾಯಿ ಚಿಲ್ಲರೆ. ಅದಕ್ಕೇ ಹೇಳುತ್ತೇನೆ, ಚೆನ್ನಾಗಿ ಉರಿಯುತ್ತಿರುವ ಸಿಎಫ್‌ಎಲ್ ಕೀಳಬೇಡಿ. ಕೆಡಲಿ, ಆಮೇಲೆ ಎಲ್‌ಇಡಿ ಹಾಕಿ.

ಆದರೆ ಅಮ್ಮಾ, ನಿಮ್ಮ ಮನೆಯ ನಿಜವಾದ ಕಳ್ಳ ಹಿತ್ತಲಲ್ಲೂ ಇಲ್ಲ, ಬಚ್ಚಲಲ್ಲೂ ಇಲ್ಲ. ದೇವರಮನೆಯಲ್ಲಿ ಕೂತಿದ್ದಾನೆ.

ಸುಮ್ನೆ ಬಂದೆ

ಮೇಷ್ಟ್ರೇ, ಅತ್ತೆಯವರು ಈ ಪೋಸ್ಟ್ ಓದಿದರೆ ಕಥೆ ಮುಗೀತು.

ಲೆಕ್ಕದ ಮೇಷ್ಟ್ರು, ಮಂಡ್ಯ

ದೇವರಿಗಲ್ಲಪ್ಪಾ ಅಂದಿದ್ದು, ಜೀರೋ ಬಲ್ಬಿಗೆ! ಹೆಸರು ಮಾತ್ರ ಜೀರೋ. ಆ ಪುಟ್ಟ ಗಾಜಿನ ಬಲ್ಬ್ 12ರಿಂದ 15 ವಾಟ್ ಎಳೆಯುತ್ತದೆ. ಹಗಲೂ ರಾತ್ರಿ ಉರಿದರೆ 15 ವಾಟ್, 24 ಗಂಟೆ, 30 ದಿನ. ಗುಣಿಸಿ. 10.8 ಯೂನಿಟ್. ಸಂಜೆ ಮಾತ್ರ ಉರಿಯುವ 60 ವಾಟ್ ಬಲ್ಬಿಗಿಂತ ಜಾಸ್ತಿ! ನೀವು ಹೊಸದಾಗಿ ಹಾಕಿದ ಮೂರೂ ಎಲ್‌ಇಡಿ ಸೇರಿದರೂ ಸುಮಾರು ನಾಲ್ಕು ಯೂನಿಟ್ ಅಷ್ಟೇ.

ಬಾಡಿಗೆ ಮನೆ

ಅಯ್ಯೋ!! ನಮ್ಮ ಮನೆಯಲ್ಲಿ ಎರಡು ಇವೆ. ಒಂದು ದೇವರ ಗೂಡಿಗೆ, ಇನ್ನೊಂದು ಮಗು ಹೆದರುತ್ತೆ ಅಂತ ಪ್ಯಾಸೇಜಿಗೆ. ಎರಡೂ ರಾತ್ರಿ ಹತ್ತು ಗಂಟೆ ಉರಿದರೆ 9 ಯೂನಿಟ್ ಆಯಿತು. ನಾನು ದುಡ್ಡು ಕಟ್ಟಿದ 13ರಲ್ಲಿ 9!

ಬೋಗಾದಿ ಬಸ್ಸು

ಜೀರೋ ಅಂದರೆ ಜೀರೋ ತಾನೇ, 15 ಹೇಗಾಗುತ್ತೆ? ಚಿಕ್ಕಂದಿನಿಂದ ನೋಡಿದ್ದೀನಿ, ಅದರಿಂದ ಬಿಲ್ ಬರಲ್ಲ ಅಂತಾನೇ ನಮ್ಮಜ್ಜಿ ಹೇಳ್ತಿದ್ದರು.

ಸರ್ಕ್ಯೂಟ್ ಸಂಕಪ್ಪ

ಅಜ್ಜಿ ಕಾಲದ ಚಕ್ರ ತಿರುಗುವ ಮೀಟರ್ ಇಷ್ಟು ಸಣ್ಣ ಲೋಡನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ ಅನ್ನುವ ಮಾತಿದೆ. ಈಗಿನ ಎಲೆಕ್ಟ್ರಾನಿಕ್ ಮೀಟರ್ ಅಷ್ಟು ಉದಾರಿ ಅಲ್ಲ.

ನಂಬಿಕೆ ಇಲ್ಲದಿದ್ದರೆ ನೀವೇ ಅಳೆಯಿರಿ. ಮೀಟರ್ ಮುಖದ ಮೇಲೆ ಸಣ್ಣ ಕೆಂಪು ದೀಪ ಇರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಅಂತ ಬರೆದಿರುತ್ತದೆ. 3200 ಅಂತ ಇದೆ ಅನ್ನಿ. ಮನೆಯದೆಲ್ಲ ಆಫ್ ಮಾಡಿ ಜೀರೋ ಬಲ್ಬ್ ಒಂದೇ ಹಾಕಿ. 15 ವಾಟ್ ಆದರೆ 75 ಸೆಕೆಂಡಿಗೆ ಒಂದು ಸಲ ಮಿನುಗಬೇಕು. 60 ವಾಟ್ ಬಲ್ಬಿಗೆ 19 ಸೆಕೆಂಡ್. 9 ವಾಟ್ ಎಲ್‌ಇಡಿಗೆ ಎರಡು ನಿಮಿಷದ ಮೇಲೆ ಐದು ಸೆಕೆಂಡ್. ಅರ್ಧ ವಾಟ್‌ನ ಎಲ್‌ಇಡಿ ನೈಟ್ ಲ್ಯಾಂಪ್ ಸಿಗುತ್ತದೆ. ಅದನ್ನು ಹಾಕಿ ಮೀಟರ್ ಮುಂದೆ ಕಾಯಬೇಡಿ, ಮೀಟರ್‌ಗೆ ಅದು ಉರಿಯುತ್ತಿರುವುದೇ ಗೊತ್ತಾಗದೆ ಇರಬಹುದು.

ಸುಮ್ನೆ ಬಂದೆ

ಅಂದರೆ ನಿಜವಾದ ಜೀರೋ ಬಲ್ಬ್ ಈಗ ಬಂದಿದೆ ಅನ್ನಿ.

ನಾಲೆ ಬದಿ

ನಮ್ಮ ಕಡೆ ಸಮಸ್ಯೆಯೇ ಬೇರೆ. ಮದ್ದೂರು ಹತ್ತಿರ ತೋಟದ ಮನೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕೊಟ್ಟ ತಕ್ಷಣ ಸುತ್ತಮುತ್ತ ಮೋಟಾರ್ ಎಲ್ಲ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಪಾತಾಳಕ್ಕೆ ಹೋಗುತ್ತೆ. ಮೊದಲು ಟ್ಯೂಬ್‌ಲೈಟ್ ಇತ್ತು, ಆ ಹೊತ್ತಲ್ಲಿ ಎರಡು ತುದಿ ಕೆಂಪಗೆ ಮಾಡಿಕೊಂಡು ಹತ್ತಲೋ ಬೇಡವೋ ಅಂತ ಯೋಚನೆ ಮಾಡ್ತಾ ಕೂತಿರೋದು. ಎಲ್‌ಇಡಿ ಬಂದ ಮೇಲೆ ಆ ಕಾಟ ಇಲ್ಲ. ವೋಲ್ಟೇಜ್ ಇಳಿದರೂ ಬೆಳಕು ಅಷ್ಟೇ ಇರುತ್ತೆ.

ಆದರೆ ಬಾಳಿಕೆ ಬರೋಲ್ಲ ಕಣ್ರೀ. ಡಬ್ಬದ ಮೇಲೆ 25,000 ಗಂಟೆ ಅಂತ ಬರೆದಿರ್ತಾರೆ. ನಮ್ಮಲ್ಲಿ ಎಂಟು ತಿಂಗಳಿಗೆ ಒಂದು ಹೋಗುತ್ತೆ. ಹೋದ ಮಳೆಗಾಲದಲ್ಲಿ ಒಂದೇ ರಾತ್ರಿ ನಾಲ್ಕು ಬಲ್ಬ್ ಟಪ್ ಟಪ್ ಅಂತ ಹೋದವು, ಜೊತೆಗೆ ಟಿವಿ ಬಾಕ್ಸೂ.

ಲೆಕ್ಕದ ಮೇಷ್ಟ್ರು, ಮಂಡ್ಯ

25,000 ಗಂಟೆ ಅಂದರೆ ದಿನಕ್ಕೆ 5 ಗಂಟೆಯಂತೆ ಸುಮಾರು ಹದಿಮೂರೂವರೆ ವರ್ಷ. ಅಷ್ಟು ಬಾಳಿದ ಬಲ್ಬ್ ನಾನೂ ನೋಡಿಲ್ಲ.

ವೈರ್‌ಮನ್ ಪಾಂಡವಪುರ

@ನಾಲೆ ಬದಿ, ನಾಲ್ಕು ಒಟ್ಟಿಗೆ ಹೋದವು ಅಂದರೆ ಬಲ್ಬಿನ ತಪ್ಪಲ್ಲ ಅಣ್ಣ. ನ್ಯೂಟ್ರಲ್ ಲೂಸ್ ಆಗಿರುತ್ತೆ, ಕಂಬದಲ್ಲೋ ನಿಮ್ಮ ಮೀಟರ್ ಬೋರ್ಡ್‌ನಲ್ಲೋ. ನ್ಯೂಟ್ರಲ್ ಬಿಟ್ಟರೆ ವೋಲ್ಟೇಜ್ 300 ದಾಟಿ ನುಗ್ಗಬಹುದು. ಲೈನ್‌ಮನ್‌ಗೆ ಹೇಳಿ ಕಂಬದ ಮೇಲಿನ ಜಾಯಿಂಟ್ ನೋಡಿಸಿ, ಒಳಗಿನದು ಎಲೆಕ್ಟ್ರಿಷಿಯನ್ ಹತ್ತಿರ ಬಿಗಿ ಮಾಡಿಸಿ. ಕರೆಂಟ್ ಹೋದಾಗ ಸ್ವಿಚ್ ಆಫ್ ಮಾಡಿ, ಬಂದು ಎರಡು ನಿಮಿಷ ಆದ ಮೇಲೆ ಹಾಕಿ. ಬಲ್ಬ್ ತರುವಾಗ ಡಬ್ಬ ತಿರುಗಿಸಿ ನೋಡಿ, ಸರ್ಜ್ ಪ್ರೊಟೆಕ್ಷನ್ (ದಿಢೀರ್ ಅಂತ ಏರುವ ವೋಲ್ಟೇಜ್ ತಡೆಯುವ ಶಕ್ತಿ) 4 ಕೆವಿ ಅಂತ ಇದ್ದರೆ 2.5 ಕೆವಿಗಿಂತ ವಾಸಿ.

ಸರ್ಕ್ಯೂಟ್ ಸಂಕಪ್ಪ

ಅಪರೂಪಕ್ಕೆ ನಾನೂ ವೈರ್‌ಮನ್ ಅವರೂ ಒಂದೇ ಮಾತು. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಕೊಡುವ ಬಿಲ್ಲೆಗಳು ಬೇಗ ಕೆಡುವುದಿಲ್ಲ. ಕೆಡುವುದು ಕೆಳಗಿನ ಡ್ರೈವರ್, ಅಂದರೆ ಬಿಲ್ಲೆಗಳಿಗೆ ಬೇಕಾದ ಹಾಗೆ ಕರೆಂಟ್ ಕೊಡುವ ಸರ್ಕ್ಯೂಟ್. ಅದಕ್ಕೆ ಶಾಖ ಆಗಿಬರುವುದಿಲ್ಲ. ಸುತ್ತ ಗಾಜಿನ ಗೋಳ ಮುಚ್ಚಿದ ಗೇಟ್ ಲೈಟ್‌ನಲ್ಲಿ, ಹೋಲ್ಡರ್ ತಲೆ ಮೇಲೆ ಮಾಡಿ ಉಸಿರು ಕಟ್ಟುವ ಡಬ್ಬಿಯೊಳಗೆ ಹಾಕಿದರೆ ಆ ಬಿಸಿಯಲ್ಲೇ ಬೆಂದು ಸಾಯುತ್ತದೆ. ಆಮೇಲೆ "ಎಲ್‌ಇಡಿ ಕಳಪೆ" ಅನ್ನುತ್ತೇವೆ.

ಸರಸ್ವತಿಪುರಂ ಹಳಬ

ಕಳಪೆ ಅಲ್ಲದೆ ಮತ್ತೇನು? ನನ್ನ ಓದುವ ಕೋಣೆಯಲ್ಲಿ ಒಂದು ಸಿಎಫ್‌ಎಲ್ ಒಂಬತ್ತು ವರ್ಷದಿಂದ ಉರಿಯುತ್ತಿದೆ. ಅದೇ ಸಮಯದಲ್ಲಿ ಮೂರು ಎಲ್‌ಇಡಿ ಸತ್ತಿವೆ. ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಅಂತ ಏನಿಲ್ಲ.

ಬಾಡಿಗೆ ಮನೆ

ಸಾರ್, ಅದು ಸತ್ತರೆ ಇನ್ನೊಂದು ಸಿಎಫ್‌ಎಲ್ ಎಲ್ಲಿ ತರ್ತೀರಿ? ಈಗ ಅಂಗಡಿಯಲ್ಲಿ ಕೇಳಿದರೆ ಮೇಲಿಂದ ಕೆಳಗೆ ನೋಡ್ತಾರೆ.

ಸರಸ್ವತಿಪುರಂ ಹಳಬ

ಮೂರು ಸ್ಟಾಕ್ ಇಟ್ಟಿದ್ದೇನೆ.

ಹೊಲಿಗೆ ಮಷಿನ್

ಸ್ಟಾಕ್ ಇಟ್ಟಿರೋದು ಸರಿ ಸಾರ್, ಒಡೆಯದ ಹಾಗೆ ನೋಡಿಕೊಳ್ಳಿ. ಸಿಎಫ್‌ಎಲ್ ಒಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತೆ. ನನ್ನ ಅಂಗಡಿಯಲ್ಲಿ ಒಂದು ಬಿದ್ದು ಪುಡಿ ಆಯಿತು, ನಾನು ಸೀದಾ ಪೊರಕೆ ಹಿಡಿದಿದ್ದೆ. ಅಕ್ಕನ ಮಗಳು ಕೈ ಹಿಡಿದು ನಿಲ್ಲಿಸಿದಳು. ಬಾಗಿಲು, ಕಿಟಕಿ ತೆಗೆದು, ಫ್ಯಾನ್ ಆಫ್ ಮಾಡಿ, ಕಾಲು ಗಂಟೆ ಎಲ್ಲರನ್ನೂ ಹೊರಗೆ ಕೂರಿಸಿದಳು. ಆಮೇಲೆ ದಪ್ಪ ರಟ್ಟಿನಲ್ಲಿ ಚೂರು ಎತ್ತಿ, ಉಳಿದ ಪುಡಿಯನ್ನು ಸೆಲೋಟೇಪ್ ಅಂಟಿಸಿ ತೆಗೆದು, ಡಬ್ಬಿಗೆ ಹಾಕಿ ಮುಚ್ಚಿದಳು. ಕೆಟ್ಟ ಸಿಎಫ್‌ಎಲ್‌ನೂ ಕಸದ ಗಾಡಿಗೆ ಹಸಿ ಕಸದ ಜೊತೆ ಎಸೆಯಬೇಡಿ, ಬೇರೆ ಕಟ್ಟಿ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಬಂದಿದ್ದು ಬೇರೆ ಮಾತು ಹೇಳೋಕೆ. ನೀವೆಲ್ಲ ವಾಟ್, ಯೂನಿಟ್ ಅಂತೀರಿ, ಬಣ್ಣದ ಮಾತೇ ಇಲ್ಲ. ಅಗ್ರಹಾರದಲ್ಲಿ ನನ್ನದು ಬ್ಲೌಸ್ ಹೊಲಿಯೋ ಅಂಗಡಿ. ಅಗ್ಗಕ್ಕೆ ಸಿಕ್ತು ಅಂತ ಒಮ್ಮೆ ಗಲ್ಲಿ ಗಾಡಿಯವನ ಹತ್ತಿರ ಬಿಳೀ ಎಲ್‌ಇಡಿ ತಂದು ಹಾಕಿದೆ. ಒಬ್ಬರದು ಮೆರೂನ್ ಮೈಸೂರು ಸಿಲ್ಕ್. ದೀಪದ ಕೆಳಗೆ ಹತ್ತು ದಾರದ ಉಂಡೆ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿ, ಒಂದನ್ನು ಆರಿಸಿ ಫಾಲ್ ಹಚ್ಚಿದೆ. ಬೆಳಿಗ್ಗೆ ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದರೆ ಸೀರೆ ಮೆರೂನು, ದಾರ ಕಂದು! ಅಷ್ಟೂ ಬಿಚ್ಚಿ ಮತ್ತೆ ಹಾಕಿದೆ. ಈಗ ಸಿಆರ್‌ಐ (ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಂಕ) ನೋಡಿ ತರ್ತೀನಿ. 80ರ ಮೇಲೆ ಇರಬೇಕು, 90 ಸಿಕ್ಕರೆ ಇನ್ನೂ ಒಳ್ಳೇದು. ಬುರುಡೆ ಬಲ್ಬಿನದು ನೂರು ಅಂತೆ. ಅದಕ್ಕೇ ನಮ್ಮ ಗುರುಗಳು ಕೊನೇ ತನಕ ಮಷಿನ್ ಮೇಲೆ ಬುರುಡೆ ಬಲ್ಬೇ ಇಟ್ಟುಕೊಂಡಿದ್ದರು. ಬೇಸಿಗೆಯಲ್ಲಿ ತಲೆ ಕಾದು ಹೋಗೋದು ಮಾತ್ರ.

ಸರ್ಕ್ಯೂಟ್ ಸಂಕಪ್ಪ

ತಲೆ ಕಾಯದೆ ಇರುತ್ತದಾ? ಬುರುಡೆ ಬಲ್ಬ್ ತಿಂದ ಕರೆಂಟಿನಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಶಾಖವಾಗಿ ಹೋಗುತ್ತದೆ. ಅದು ಒಲೆ, ಸ್ವಲ್ಪ ಬೆಳಕೂ ಕೊಡುತ್ತದೆ ಅಷ್ಟೇ.

ನಾಲೆ ಬದಿ

ಆ ಒಲೆ ನಮಗೆ ಬೇಕು ಸಾರ್. ಕೋಳಿಮರಿ ತಂದ ಮೊದಲ ವಾರ ಬುಟ್ಟಿಗೆ ಬುರುಡೆ ಬಲ್ಬ್ ಇಳಿಬಿಟ್ಟರೆ ಮರಿಗಳು ಅದರ ಕೆಳಗೆ ಒತ್ತಿಕೊಂಡು ಮಲಗ್ತವೆ. ನಮ್ಮ ಹುಡುಗ ಕರೆಂಟ್ ಉಳಿಸ್ತೀನಿ ಅಂತ ಎಲ್‌ಇಡಿ ಹಾಕಿದ್ದ. ಬೆಳಿಗ್ಗೆ ನೋಡಿದರೆ ಎಲ್ಲ ಮೂಲೆ ಸೇರಿ ಚಿಂವ್ ಚಿಂವ್ ಅಂತ ನಡುಗ್ತಿದ್ದವು. ಅವನಿಗೂ ಚೆನ್ನಾಗಿ ಬಿತ್ತು.

ಹಾಂ, ಇನ್ನೊಂದು. ಮೊದಲ ಮಳೆ ಬಿದ್ದಾಗ ಈಸಲು ಹುಳ ದೀಪಕ್ಕೆ ಮುತ್ತೋದು ಎಲ್‌ಇಡಿ ಬಂದ ಮೇಲೆ ಕಡಿಮೆ ಆಗಿದೆ ಅನ್ನಿಸುತ್ತೆ. ನಿಜವಾ, ನನ್ನ ಭ್ರಮೆಯಾ?

ಸರ್ಕ್ಯೂಟ್ ಸಂಕಪ್ಪ

ಭ್ರಮೆ ಅಲ್ಲ. ಹುಳಗಳನ್ನು ಜಾಸ್ತಿ ಸೆಳೆಯುವುದು ನೇರಳಾತೀತ ಮತ್ತು ನೀಲಿ ಬೆಳಕು. ಟ್ಯೂಬ್‌ಲೈಟ್, ಸಿಎಫ್‌ಎಲ್‌ನಿಂದ ನೇರಳಾತೀತ ಸ್ವಲ್ಪ ಹೊರಗೆ ಬರುತ್ತದೆ, ಎಲ್‌ಇಡಿಯಿಂದ ಬಹಳ ಕಡಿಮೆ. ಜಗುಲಿಗೆ ಹಳದಿ ಛಾಯೆಯದು ಹಾಕಿದರೆ ಇನ್ನೂ ಕಡಿಮೆ. ಡಬ್ಬದ ಮೇಲೆ 2700 ಅಥವಾ 3000 ಕೆ ಅಂತ ಇದ್ದರೆ ಹಳದಿ, 6500 ಕೆ ಅಂದರೆ ನೀಲಿ ಬೆರೆತ ಬಿಳಿ. ಬಿಳಿ ಎಲ್‌ಇಡಿ ಅನ್ನುವುದೇ ಮೂಲದಲ್ಲಿ ನೀಲಿ ಎಲ್‌ಇಡಿ, ಮೇಲೆ ಹಳದಿ ಲೇಪ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ 2014ರಲ್ಲಿ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂದಿದ್ದು.

ಬೋಗಾದಿ ಬಸ್ಸು

ಹಳದಿ ಅಂದಾಗ ನೆನಪಾಯಿತು. ಭಾನುವಾರ ಸಂಜೆ ಅರಮನೆ ಮುಂದೆ ನಿಂತು ನೋಡಿ. ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬ್ ಒಟ್ಟಿಗೆ ಹತ್ತಿದಾಗ ಆ ಹೊಂಬಣ್ಣ ಇದೆಯಲ್ಲ, ಅದನ್ನು ನಿಮ್ಮ 6500 ಕೆ ತಂದು ಹಾಳು ಮಾಡಿದರೆ ನಾನೇ ಧರಣಿ ಕೂರ್ತೀನಿ. ಉಳಿತಾಯ ಎಲ್ಲ ಕಡೆಗೂ ಬೇಡ.

ಲೆಕ್ಕದ ಮೇಷ್ಟ್ರು, ಮಂಡ್ಯ

ದೀಪ ನಿಮ್ಮದು ಸರಿ, ಕರೆಂಟ್ ನಮ್ಮದು ಅಂತ ನೆನಪಿರಲಿ. ಶಿವನಸಮುದ್ರ ಇರುವುದು ಮಂಡ್ಯ ಜಿಲ್ಲೆಯಲ್ಲಿ! 1902ರಲ್ಲಿ ಅಲ್ಲಿಂದ ತಂತಿ ಎಳೆದದ್ದು ಕೋಲಾರದ ಚಿನ್ನದ ಗಣಿಗೆ. 1905ಕ್ಕೆ ಬೆಂಗಳೂರು. ಮೈಸೂರಿಗೆ ದೀಪ ಬಂದಾಗ 1908.

ಬೋಗಾದಿ ಬಸ್ಸು

ಮಂಡ್ಯದವರು ಯಾವ ಮಾತು ತೆಗೆದರೂ ಕೊನೆಗೆ ಕಾವೇರಿಗೇ ಬಂದು ನಿಲ್ತೀರಲ್ಲ ಸಾರ್.

ನಾಲೆ ಬದಿ

ನಿಲ್ಲದೆ ಇನ್ನೇನು, ನಾಲೆಗೆ ನೀರು ಯಾವಾಗ ಬಿಡ್ತಾರೆ ಅಂತ ಯಾರಾದರೂ ಹೇಳಿ, ಬಲ್ಬ್ ಆಮೇಲೆ ನೋಡೋಣ.

ಕುವೆಂಪುನಗರದ ಸೊಸೆ

ನಮ್ಮ ಬಲ್ಬಿಗೆ ವಾಪಸ್ ಬನ್ನಿ ಎಲ್ಲರೂ! ಹಾಲ್ ಟ್ಯೂಬ್‌ಲೈಟ್ ಏನು ಮಾಡಲಿ? ಅದನ್ನು ಯಾರೂ ಹೇಳಲಿಲ್ಲ.

ವೈರ್‌ಮನ್ ಪಾಂಡವಪುರ

ಹಳೇ 40 ವಾಟ್ ದಪ್ಪ ಟ್ಯೂಬಾ? ತಾಮ್ರದ ಚೋಕ್ ಒಂದೇ 10 ವಾಟ್‌ಗಿಂತ ಜಾಸ್ತಿ ತಿನ್ನುತ್ತೆ, ಒಟ್ಟು 50 ದಾಟುತ್ತೆ. ರಾತ್ರಿ ಗುಂಯ್ ಅಂತ ಸದ್ದು ಬರುತ್ತಲ್ಲ, ಅದೇ ಚೋಕ್. ಪೂರ್ತಿ ಸೆಟ್ ಬಿಚ್ಚಿಸಿ 20 ವಾಟ್ ಎಲ್‌ಇಡಿ ಬ್ಯಾಟನ್ (ಟ್ಯೂಬ್ ತರಹದ ಉದ್ದನೆಯ ಪಟ್ಟಿ ದೀಪ) ಹಾಕಿಸಿ. ಹಳೇ ಫ್ರೇಮಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸೋದೂ ಇದೆ, ಆದರೆ ಚೋಕ್, ಸ್ಟಾರ್ಟರ್ ಬಿಡಿಸದೆ ಹಾಕಿದರೆ ಅದು ಹಾಳು, ಇದೂ ಹಾಳು.

ಸರಸ್ವತಿಪುರಂ ಹಳಬ

20 ವಾಟ್ ಬ್ಯಾಟನ್ ಬೆಳಕು ಟ್ಯೂಬ್‌ಲೈಟ್‌ನಷ್ಟು ಬರುವುದಿಲ್ಲ. ನಮ್ಮ ಮಗಳ ಮನೆಯಲ್ಲಿ ನೋಡಿದ್ದೇನೆ. ಪೇಪರ್ ಓದಲು ಕಷ್ಟ.

ಸರ್ಕ್ಯೂಟ್ ಸಂಕಪ್ಪ

ಹಳಬರ ಮಾತಿನಲ್ಲಿ ಸತ್ಯ ಇದೆ. ಅಂಗಡಿಯಲ್ಲಿ ಎಲ್ಲರೂ ವಾಟ್ ಕೇಳುತ್ತಾರೆ. ವಾಟ್ ಅಂದರೆ ತಿನ್ನುವುದು, ಲೂಮೆನ್ ಅಂದರೆ ಕೊಡುವುದು. ಹೊಸ 36 ವಾಟ್ ಟ್ಯೂಬ್ ಸುಮಾರು 2400 ಲೂಮೆನ್ ಕೊಡುತ್ತದೆ, 20 ವಾಟ್ ಬ್ಯಾಟನ್ 2000 ಆಸುಪಾಸು. ಬ್ಯಾಟನ್ ಬೆಳಕು ಕೆಳಗೆ ಮಾತ್ರ ಬೀಳುತ್ತದೆ, ಸೂರಿನ ಕಡೆ ಹೋಗಿ ಪೋಲಾಗುವುದಿಲ್ಲ, ಹಾಗಾಗಿ ಬಹಳ ಮನೆಗಳಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಎತ್ತರದ ಸೂರಿನ ಹಳೇ ಮನೆಯಲ್ಲಿ ತಿಳಿಯುತ್ತದೆ. ಬಲ್ಬ್ ಕೊಳ್ಳುವಾಗಲೂ ಅಷ್ಟೇ, ಎರಡು ಡಬ್ಬ ಪಕ್ಕ ಪಕ್ಕ ಹಿಡಿದು ಲೂಮೆನ್ ಓದಿ. ಒಂದು 9 ವಾಟ್ 800 ಕೊಟ್ಟರೆ ಇನ್ನೊಂದು 900 ಕೊಡುತ್ತದೆ. ಐಎಸ್‌ಐ ಗುರುತು, ಬಿಇಇ ಸ್ಟಾರ್ (ಕರೆಂಟ್ ಉಳಿತಾಯದ ಗುರುತು) ಇಲ್ಲದ್ದನ್ನು ಮುಟ್ಟಲೇಬೇಡಿ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದಾಗ ಪರದೆ ಮೇಲೆ ದಪ್ಪ ಕಪ್ಪು ಪಟ್ಟಿ ಓಡಿದರೆ ಆ ಬಲ್ಬ್ ಅದುರುತ್ತದೆ ಅಂತ ಅರ್ಥ. ಮಕ್ಕಳು ಓದುವ ಮೇಜಿಗೆ ಅದು ಬೇಡ.

ಹೊಲಿಗೆ ಮಷಿನ್

ಮತ್ತೆ ಬಿಲ್ ಇಸ್ಕೊಳ್ಳಿ. ನಮ್ಮ ಬೀದಿ ಅಂಗಡಿಯವರು ಬಲ್ಬಿನ ಬುಡದಲ್ಲೇ ಪೆನ್ನಿಂದ ತಾರೀಖು ಗೀಚಿ ಕೊಡ್ತಾರೆ. ಗ್ಯಾರಂಟಿ ಒಳಗೆ ಹೋದರೆ ಮಾತಿಲ್ಲದೆ ಬದಲಾಯಿಸ್ತಾರೆ.

ಬಾಡಿಗೆ ಮನೆ

ಒಂದು ಕೇಳಲಾ, ಬಲ್ಬಿಗೆ ಇಷ್ಟು ಚರ್ಚೆ ಮಾಡಿದ್ವಿ, ಫ್ಯಾನ್? ನಮ್ಮ ಹಳೇ ಫ್ಯಾನ್ 75 ವಾಟ್. ದಿನಕ್ಕೆ 12 ಗಂಟೆ ತಿರುಗಿದರೆ 27 ಯೂನಿಟ್ ಬರ್ತಿದೆ, ಈಗ ಲೆಕ್ಕ ಹಾಕಿದೆ. ತಲೆ ತಿರುಗ್ತಿದೆ.

ಲೆಕ್ಕದ ಮೇಷ್ಟ್ರು, ಮಂಡ್ಯ

ಲೆಕ್ಕ ಸರಿ ಇದೆ. 30 ವಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನ) ಫ್ಯಾನ್ ಆದರೆ 11 ಯೂನಿಟ್ ಹತ್ತಿರ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೆರೆಸಿದರೆ ಸೊಸೆಯವರು ಬೈಯುತ್ತಾರೆ.

ಕುವೆಂಪುನಗರದ ಸೊಸೆ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎರಡು ಸುದ್ದಿ.

ಮೊದಲು ಮೀಟರ್ ಪರೀಕ್ಷೆ. ಶನಿವಾರ ರಾತ್ರಿ ಊಟ ಆದ ಮೇಲೆ ಎಲ್ಲ ಆಫ್ ಮಾಡಿ, ನಾನು ಟಾರ್ಚ್ ಹಿಡಿದು, ಮಗ ಮೊಬೈಲ್‌ನಲ್ಲಿ ಸೆಕೆಂಡ್ ಎಣಿಸುತ್ತಾ ಮೀಟರ್ ಮುಂದೆ ನಿಂತೆವು. ನಮ್ಮದರಲ್ಲೂ 3200 ಅಂತಲೇ ಇದೆ. ಕೆಂಪು ದೀಪ ಪಟಪಟ ಮಿನುಗಿತು. ಗಾಬರಿ ಆಯಿತು. ನೋಡಿದರೆ ಫ್ರಿಜ್ ಆಫ್ ಮಾಡುವುದು ಮರೆತಿದ್ದೆವು. ಅದನ್ನೂ ಆಫ್ ಮಾಡಿ ಮತ್ತೆ ಎಣಿಸಿದರೆ ದೇವರಮನೆಯ ಜೀರೋ ಬಲ್ಬಿಗೆ 77 ಸೆಕೆಂಡ್! ಅತ್ತೆಯೂ ಬಂದು ನಿಂತು ನೋಡಿದರು. "ಇಷ್ಟು ವರ್ಷ ನನಗೆ ಸುಳ್ಳು ಹೇಳಿದ್ದಾರೆ" ಅಂದರು. ಯಾರು ಅಂತ ನಾವು ಕೇಳಲಿಲ್ಲ. ಈಗ ಅರ್ಧ ವಾಟ್‌ನ ಕೆಂಪು ಎಲ್‌ಇಡಿ ಹಾಕಿದ್ದೇವೆ.

ಎರಡನೆಯದು, ಎಲೆಕ್ಟ್ರಿಷಿಯನ್ ಬಂದಿದ್ದರು. ವೈರ್‌ಮನ್ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ನಡುಮನೆಯದು ಅಷ್ಟೇ ಅಲ್ಲ, ಬಚ್ಚಲಿನ ಸ್ವಿಚ್ಚೂ ನ್ಯೂಟ್ರಲ್ ಮೇಲಿತ್ತು. ಎರಡೂ ಸರಿ ಮಾಡಿದರು. ಸ್ವಿಚ್ ಆಫ್ ಮಾಡಿದರೆ ಈಗ ಕಾರ್ಗತ್ತಲು. ನಿಂಬೆಹಣ್ಣು ಬಿಚ್ಚೋಣ ಅಂದರೆ ಅತ್ತೆ ಒಪ್ಪುತ್ತಿಲ್ಲ. "ಇರಲಿ ಬಿಡು, ಹೊಸ ವೈರಿಗೂ ದೃಷ್ಟಿ ಆಗಬಾರದು" ಅಂತಾರೆ.

ಸುಮ್ನೆ ಬಂದೆ

ಅತ್ತೆಯವರನ್ನೂ ಇಲ್ಲಿಗೆ ಸೇರಿಸಿ ಮೇಡಂ.

ವೈರ್‌ಮನ್ ಪಾಂಡವಪುರ

ಬಚ್ಚಲಿನದೂ ಅಂದ್ರಾ! ಒದ್ದೆ ಕಾಲಲ್ಲಿ ನಿಂತು ಸ್ವಿಚ್ ಹಾಕೋ ಜಾಗ ಅದು. ಅಕ್ಕ, ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್) ಇದೆಯಾ ಕೇಳಿದ್ರಾ? ಮೀಟರ್ ಪಕ್ಕದ ಬಾಕ್ಸಿನಲ್ಲಿ ಟೆಸ್ಟ್ ಅಂತ ಸಣ್ಣ ಗುಂಡಿ ಇರುತ್ತೆ, ಒತ್ತಿದ ತಕ್ಷಣ ಕರೆಂಟ್ ಹೋಗಬೇಕು. ಮಹಡಿ ಮೇಲೆ ಬಾಡಿಗೆಯವರು ಇದ್ದರೆ ಅವರ ಕಡೆಯದೂ ನೋಡಿಸಿ.

ಕುವೆಂಪುನಗರದ ಸೊಸೆ

ಅಂಥ ಗುಂಡಿ ಕಾಣಲಿಲ್ಲ ಅಣ್ಣ, ಹಳೇ ಪಿಂಗಾಣಿ ಫ್ಯೂಸ್ ಇದೆ ಅಷ್ಟೇ. ಮೇಲಿನವರು ಊರಿಗೆ ಹೋಗಿದ್ದಾರೆ, ಗುರುವಾರ ಬರುತ್ತಾರೆ. ಅವತ್ತೇ ಎರಡೂ ಒಟ್ಟಿಗೆ ಮಾಡಿಸುತ್ತೇನೆ.